ಮೆಟ್ಟಿಲ ಕೆಳಗೆ ರೀಲು ರಿಪೇರಿ

ಸೋಮವಾರ ಬರುತ್ತಾರೆ ಎಲ್ಲರೂ,
ಹಂಗಾರಕಟ್ಟೆ ಅಳಿವೆಯ ಮರಳನ್ನು
ಶಿವಾಜಿನಗರದ ಈ ಮೆಟ್ಟಿಲ ಕೆಳಕ್ಕೆ
ರೀಲಿನ ಹೊಟ್ಟೆಯಲ್ಲಿ ಹೊತ್ತುಕೊಂಡು.

ನಾನು ಸಮುದ್ರ ನೋಡಿದವನಲ್ಲ.
ಇಪ್ಪತ್ತಾರು ವರ್ಷ ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯಲ್ಲಿ
ಬ್ಯಾಲೆನ್ಸ್ ಚಕ್ರ ಕೂರಿಸಿದವನು.
ಕಾರ್ಖಾನೆ ನಿಂತಿತು, ಬೆರಳು ನಿಲ್ಲಲಿಲ್ಲ.
ಅದೇ ಚಿಮಟ, ಕಣ್ಣಿಗೆ ಅದೇ ಗಾಜು,
ಮುಂದಿರುವುದು ಈಗ ಜಪಾನಿನ ರೀಲು.
ಬಿಚ್ಚಿದರೆ, ಹಳೇ ಬನಿಯನ್ ಬಟ್ಟೆಯ ಮೇಲೆ
ಒಂದು ಚಿಟಿಕೆ ಉಪ್ಪು.
ನಾಲಿಗೆಗಿಟ್ಟು ನೋಡುತ್ತೇನೆ.
ಇಷ್ಟೇ ನನ್ನ ಕಡಲು.

ಆ ಮೀನಿನ ಹೆಸರೇನು ಅಂತ ಮೊದಲ ವರ್ಷ ಕೇಳಿದ್ದೆ.
ಮಾರ್ಕೆಟ್ಟಿನ ಸೆಲ್ವಿ ಕೊಡುವಾ ಅಂದಳು,
ಪಕ್ಕದ ಕೋಯಾ ಕಾಳಾಂಜಿ,
ಹಲಸೂರಿನ ಬಂಗಾಳಿ ಮೇಷ್ಟ್ರು ಭೇಟ್ಕಿ,
ಕಾರವಾರದ ಡ್ರೈವರು ಚೊಣಕ ಅಂತ ಮೂಗಲ್ಲೇ ಮುಗಿಸಿದ.
ನನ್ನ ಗಿರಾಕಿಗಳಿಗೆ ಬರಮುಂಡಿ.
ಆ ಹೆಸರು ಬಂದಾಗ ದನಿ ತಗ್ಗುತ್ತದೆ,
ಸಾಲ ಕೊಟ್ಟವನು ಪಕ್ಕದಲ್ಲೇ ನಿಂತ ಹಾಗೆ.

ಸುಳ್ಳು ಹೇಳುತ್ತಾರೆ. ಬೇಜಾರಿಲ್ಲ.
ಕರುಂಬಯ್ಯನವರು ಎರಡು ಕೈ ಅಗಲಿಸಿ
"ಹನ್ನೆರಡು ಕೆಜಿ, ಅಂತೋಣಿಯಪ್ಪ! ಐವತ್ತು ಮೀಟರ್ ಎಳೆದ,
ಕಲ್ಲಿಗೆ ಸುತ್ತಿ ದಾರ ಕತ್ತರಿಸಿದ" ಅಂದರು.
ನಾನು ಮುಚ್ಚಳ ತೆಗೆದೆ.
ಡ್ರ್ಯಾಗಿನ ವಾಷರು, ಮದುಮಗನ ಅಂಗಿ:
ಒಂದು ಸುಕ್ಕಿಲ್ಲ, ಒಂದು ಸುಟ್ಟ ಕಲೆಯಿಲ್ಲ.
ಮೀನು ಓಡಿದ್ದರೆ ಇಲ್ಲಿ ಕಾದಿರಬೇಕಿತ್ತು.
ಅವರ ಕಣ್ಣು ಟ್ಯೂಬ್‌ಲೈಟಿನ ಕಡೆ ಹೋಯಿತು.
ಗ್ರೀಸು ಸವರಿ ಕೊಟ್ಟೆ. ಮುನ್ನೂರೈವತ್ತು.
ಇಷ್ಟು ವರ್ಷದಲ್ಲಿ ನನ್ನ ಬಾಯಿಂದ
ಯಾವ ಮೀನೂ ಚಿಕ್ಕದಾಗಿಲ್ಲ.

ಆದರೆ ನಫೀಸಾ.
ಟ್ಯಾನರಿ ರಸ್ತೆಯವಳು, ಆಂಬುಲೆನ್ಸ್ ಓಡಿಸುತ್ತಾಳೆ.
ರಜೆ ಸಿಕ್ಕರೆ ರಾತ್ರಿ ಬಸ್ಸು,
ಕಂಕುಳಲ್ಲಿ ಬೆಡ್‌ಶೀಟು ಸುತ್ತಿದ ರಾಡು.
ಹೆಬ್ಬೆರಳಿಗೆ ಪಟ್ಟಿ. ರೀಲಿಟ್ಟು ಕೂತಳು.
"ಇಳಿತ ಶುರುವಾಗಿತ್ತು ಚಾಚಾ, ಬೆಳಕು ಹರಿದಿರಲಿಲ್ಲ.
ತಲೆಗೆ ಕಟ್ಟಿದ ಟಾರ್ಚಿಗೆ ಕಣ್ಣು ಕೆಂಡ ಅಂತ ಹೊಳೀತು.
ಎಗರಿದಳು. ತಲೆ ಒದರಿದಳು.
ಕಿವಿರು ಗಡಗಡ ಅಂದಿದ್ದೂ ಕೇಳಿಸ್ತು.
ನಂಗೆ ಭಯ ಆಯ್ತು.
ಓಡೋಕೆ ಬಿಡಬೇಕಿತ್ತು.
ಹೆಬ್ಬೆರಳಿಟ್ಟು ಬಿಗಿ ಹಿಡಿದೆ."

ಸ್ಪೂಲಿನ ಅಂಚಿಗೆ ರಕ್ತ ಒಣಗಿತ್ತು. ಮೀನಿನದಲ್ಲ.

"ಎಗರಿದಳಾ?" ಅಂದೆ.
ಮಿಕ್ಕವರೆಲ್ಲ ಎಗರಿದ ಅನ್ನುತ್ತಾರೆ.
"ದೊಡ್ಡದೆಲ್ಲ ಹೆಣ್ಣೇ ಚಾಚಾ. ಗಂಡಾಗಿ ಹುಟ್ಟಿ
ಬೆಳೀತಾ ಬೆಳೀತಾ ಹೆಣ್ಣಾಗ್ತವೆ. ಗೊತ್ತಿಲ್ವಾ?"
ಗೊತ್ತಿರಲಿಲ್ಲ.
ಹದಿಮೂರು ವರ್ಷ ಅದರ ಓಟದ ಕೊಳೆ ತೊಳೆದವನಿಗೆ
ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ರಸೆಲ್ ಮಾರ್ಕೆಟ್ಟಿಗೆ ಹೋದೆ.
ಸೆಲ್ವಿಯ ಐಸಿನ ಮೇಲೆ ಒಂದೂವರೆ ಅಡಿಯದೊಂದು,
ಇನ್ನೂ ಗಂಡೇ ಇರಬೇಕು, ಪಾಪ,
ಬೆಳ್ಳಿ ಮೈ, ಗೂನು ಬೆನ್ನು, ಮುಂದೆ ಚಾಚಿದ ತುಟಿ.
ಕಿವಿರಿನ ಬಾಗಿಲು ಎತ್ತಿದೆ
ಗಡಿಯಾರದ ಹಿಂಬದಿ ಎತ್ತುವ ಹಾಗೆ.
ಚುರ್ ಅಂತು.
"ಅಂಚು ಬ್ಲೇಡಲ್ವೇನಣ್ಣ!" ಸೆಲ್ವಿ ಬೈದಳು,
ಐಸಿನ ಚೂರೊಂದನ್ನು ಗಾಯಕ್ಕೆ ಒತ್ತಿದಳು.

ಅಂಗಡಿಗೆ ಬಂದು ಅವಳ ರೀಲು ಜೋಡಿಸಿದೆ.
ಎಷ್ಟು ಬಿಗಿ, ಎಷ್ಟು ಸಡಿಲ?
ಕಾರ್ಖಾನೆಯಲ್ಲಿ ಅದಕ್ಕೊಂದು ಅಳತೆಯಿತ್ತು,
ದಿನಕ್ಕೆ ಇಷ್ಟು ಸೆಕೆಂಡು ಹೆಚ್ಚು, ಇಷ್ಟು ಕಡಿಮೆ.
ಇದನ್ನು ಎಳೆಸಿಯೇ ನೋಡಬೇಕು.
ಮೇಲಿನ ಮನೆಯ ಜೋವಿಯಲ್ ಸ್ಕೂಲಿಗೆ ಇಳಿಯುತ್ತಿದ್ದ.
ದಾರದ ತುದಿ ಅವನ ಬ್ಯಾಗಿಗೆ ಕಟ್ಟಿ, ಓಡು ಅಂದೆ.

ಓಡಿದ.
ಬಿರಿಯಾನಿ ಹಂಡೆಗಳ ನಡುವೆ, ನಿಂತ ಸ್ಕೂಟರುಗಳ ಸಂದಿಯಲ್ಲಿ,
ಗುಜರಿ ಅಂಗಡಿಯವನು ಬೈದು ಕಾಲೆತ್ತಿದ,
ರೀಲು ಕಿರ್ರ್ರ್ ಅನ್ನುತ್ತಲೇ ಇತ್ತು,
ಹೆಬ್ಬೆರಳು ಉರಿಯಿತು, ಹೋಗಿ ಕೂರಲು ಹಟ ಮಾಡಿತು.
ಕೂರಿಸಲಿಲ್ಲ.
ಹುಡುಗ ಮೂಲೆ ತಿರುಗಿ ಕಣ್ಮರೆಯಾದ.
ದಾರ ಹೋಗುತ್ತಿತ್ತು.