ಸೊನೆ

ಕೋಡಿಬಾಗದ ಕಾಯತಾನ ತಂದು ಮೇಜಿಗೊರಗಿಸಿದ:
ಚೀನಾದ ಕರಿಹಲಗೆ, ಎದೆಯೆತ್ತರ.
ಹವಳದ ಹಣ್ಣು, ಪಚ್ಚೆಶಿಲೆಯ ಎಲೆ,
ಮುತ್ತುಚಿಪ್ಪಿನ ಕೊಕ್ಕರೆ ಒಂಟಿಕಾಲಲ್ಲಿ.
ಸೇತುವೆ ಮೇಲೊಬ್ಬಳು ಹೆಂಗಸು.
ಮುಖವಿದ್ದಲ್ಲಿ ಬರೀ ಗುಳಿ.

"ಅಜ್ಜ ಹಡಗಲ್ಲಿ ಅಡುಗೆಯವ. ಮಕಾವಿನಲ್ಲಿ
ಸಂಬಳದ ಬದಲು ಸಿಕ್ಕಿದ್ದಂತೆ.
ಮುಖ ನಾ ಹುಟ್ಟೋ ಮೊದಲೇ ಇಲ್ಲ.
ಗುಡಿಗಾರರಲ್ಲವೇ ನೀವು, ಒಂದು ಕೂರಿಸಿ."

ಮೂಸಿ ನೋಡಿದೆ. ಅರಗಲ್ಲ ಇದು,
ಮರದ ಸೊನೆ. ಗೇರಿನ ಬಳಗದ್ದೇ ಮರ
ಎನ್ನುತ್ತಿದ್ದ ಅಪ್ಪ; ತಾಗಿದರೆ ಕೈ ಬೊಬ್ಬೆ.
ತೇವದಲ್ಲೇ ಗಟ್ಟಿಯಾಗುವ ಬಣ್ಣವಂತೆ,
ಅದಕ್ಕೇ ಕಾರವಾರದ ಗಾಳಿಗೆ ಬಿರಿದಿಲ್ಲ.

ಅಮ್ಮ ಕುಮಟೆಯ ಕಾರ್ಖಾನೆಯಲ್ಲಿ
ಗೇರುಬೀಜ ಒಡೆದೂ ಒಡೆದೂ
ಬೆರಳಿನ ಗೆರೆ ಅಳಿಸಿಕೊಂಡವಳು.
ಪಡಿತರದಂಗಡಿಯ ಯಂತ್ರ
ಮೂರು ಸಲ ಅವಳನ್ನು ಅವಳಲ್ಲ ಎಂದಿತು.

ಅಲ್ಲೂ ಯಾರದೋ ಕೈ ಸುಟ್ಟಿರಬೇಕು,
ಬಳಿದು, ಕಾದು, ಉಜ್ಜಿ, ಮತ್ತೆ ಬಳಿದು
ಇಷ್ಟು ಕಪ್ಪಾಗುವ ತನಕ.

ಗುಳಿಯಂಚಲ್ಲಿ ಹಳದಿ ಚೂರು: ದಂತ.
ಅದನ್ನೀಗ ಮುಟ್ಟುವಂತಿಲ್ಲ.
ಕಾಳಿ ನದಿಯ ಬಳಚಿನ ಚಿಪ್ಪು ತೇದೆ,
ಉಗುರಿನಷ್ಟು.
ಕಣ್ಣು ಕೊರೆಯಲು ಉಳಿ ಹಿಡಿದು
ಯಾಕೋ ಇಟ್ಟುಬಿಟ್ಟೆ.
ಹಾಗೇ ಕೂರಿಸಿದೆ, ಬೋಳು ಬಿಳಿ.

ಕಾಯತಾನ ಗೊಣಗಿ ನೂರು ರೂಪಾಯಿ ಹಿಡಿದುಕೊಂಡ.
ಸಂಜೆಬಿಸಿಲಿಗೆ ಕೊಕ್ಕರೆ ಹೊಳೆಯಿತು, ಹಣ್ಣು ಹೊಳೆಯಿತು,
ಅವಳು ಮಾತ್ರ ಮಂಕು,
ನಮ್ಮ ಹೊಳೆದಂಡೆಯ ಸುಣ್ಣದ ಬಣ್ಣ.

ಟೆಂಪೋ ಏರಿಸುವ ಮುನ್ನ ಅಮ್ಮ ಬಂದು
ಆ ಮುಖಕ್ಕೆ ಹೆಬ್ಬೆರಳೊತ್ತಿದಳು.
ಗುರುತು ಬೀಳಲಿಲ್ಲ.
ಒಂದು ಬೆವರ ಮಚ್ಚೆ,
ಅದೂ ಕಡಲಗಾಳಿಗೆ ಆರಿತು.