ಒಂದೇ ಬಟ್ಟಲು

ನರ್ಸ್ ತೆನಿಂಗ್ ತೋಳಿಗೆ ಪಟ್ಟಿ ಸುತ್ತಿ
ಗಾಳಿ ಒತ್ತಿ, ಬಿಟ್ಟು, ಇನ್ನೊಮ್ಮೆ ಒತ್ತಿ
ಚೀಟಿಯಲ್ಲಿ ಎರಡು ಅಂಕಿ ಬರೆದಳು.
ಮಾಸಾಂಬ ಮಾವ ಅದನ್ನು ಮಡಚಿ
ಟೊಪ್ಪಿಗೆಯೊಳಗೆ ಇಟ್ಟುಕೊಂಡ, ಲಾಟರಿ ಟಿಕೀಟಿನ ಹಾಗೆ.
ಉಪ್ಪು ಕಡಿಮೆ ಮಾಡು ಅಂದಳಂತೆ,
ಗೆಟ್ ನ್ದಾರ್ ದಡದಿಂದ ನಲವತ್ತು ವರ್ಷ
ಕಡಲಿಗಿಳಿದವನಿಗೆ!
ಮೀಸೆಯಲ್ಲೇ ಉಪ್ಪು ಬೆಳೆದವನಿಗೆ!

ನ್ದುಂಬೆ ಅತ್ತೆ ನಗಲಿಲ್ಲ.
ಚೀಟಿ ಓದಲು ಬಾರದು ಅವಳಿಗೆ,
ಗಂಡನ ಮುಖ ಓದಲು ಬರುತ್ತದೆ.

ಮರುದಿನ ಅಂಗಡಿಯ ಮಸಾಲೆ ಬಿಲ್ಲೆ,
ಹೊಳೆವ ಕಾಗದದ್ದು, ಒಂದು ಸಾಲದೆಂದು ಮೂರು ಹಾಕುತ್ತಿದ್ದದ್ದು,
ಡಬ್ಬದಿಂದ ಮಾಯ.
ಅದರ ಜಾಗಕ್ಕೆ ನೆತೆತು:
ಕಾಡುಮರದ ಬೀಜ ಬೇಯಿಸಿ, ಹುಳಿ ಬರಿಸಿ, ಕಪ್ಪಗೆ ಕುಟ್ಟಿದ್ದು;
ಅದರ ವಾಸನೆಗೆ
ಬೀದಿಯ ಬೆಕ್ಕೂ ಒಂದು ಹೆಜ್ಜೆ ಹಿಂದೆ ಸರಿದು ಯೋಚಿಸುತ್ತದೆ.
ನಾನು ಮೂಗು ಮುಚ್ಚಿದೆ.
"ನಿನ್ನ ಮುತ್ತಜ್ಜಿ ತೊಂಬತ್ತು ದಾಟಿದ್ದು ಈ ನಾತದಲ್ಲೇ.
ಬಿಲ್ಲೆ ಬಂದದ್ದು ಮೊನ್ನೆ" ಅಂದಳು ಅತ್ತೆ.

ನುಚ್ಚಕ್ಕಿಯ ಬದಲು ವಾರಕ್ಕೆರಡು ದಿನ ಫೋನಿಯೋ,
ಸಾವೆಗಿಂತ ಸಣ್ಣ ಕಾಳು,
ಏಳು ನೀರಲ್ಲಿ ತೊಳೆದರೂ ಎಂಟನೆಯದರಲ್ಲಿ
ಒಂದು ಹರಳು ನಗುತ್ತಿರುತ್ತದೆ.
ಕರಿದ ಮೀನು ಹೋಗಿ ಕೆಂಡದ ಮೇಲಿನ ಮೀನು.
ಪುಂಡಿ ಹೂವಿನ ಕೆಂಪು ಪಾನಕಕ್ಕೆ ಸಕ್ಕರೆ
ಲೋಟದಿಂದ ಅರ್ಧ ಲೋಟಕ್ಕೆ, ಅರ್ಧದಿಂದ ಚಮಚಕ್ಕೆ
ಇಳಿದದ್ದು
ಸೆನೆಗಲ್ ನದಿ ಬೇಸಿಗೆಯಲ್ಲಿ ಇಳಿಯುವ ಹಾಗೆ:
ದಿನಾ ನೋಡುವವರಿಗೆ ಕಾಣುವುದಿಲ್ಲ.

ಆದರೆ ನಿಜವಾದ ಕೆಲಸ ನಡೆದದ್ದು ಬಟ್ಟಲಲ್ಲಿ.

ನಮ್ಮಲ್ಲಿ ಮನೆಗೆಲ್ಲ ಒಂದೇ ಬಟ್ಟಲು.
ಚಾಪೆಯ ಮೇಲೆ ಸುತ್ತ ಕೂತರೆ
ನಿನ್ನ ಎದುರಿನಷ್ಟು ನೆಲ ನಿನ್ನದು,
ಪಕ್ಕದವರ ಗಡಿಯೊಳಗೆ ಕೈ ಹಾಕುವಂತಿಲ್ಲ.
ನಡುವಿನ ಮೀನು, ಗೆಣಸು, ಎಲೆಕೋಸು, ಕಹಿಬದನೆ
ಮುರಿದು ಹಂಚುವ ಹಕ್ಕು ಮನೆಯೊಡತಿಯದು;
ಅವಳ ಬೆರಳು ಎತ್ತ ತಳ್ಳಿದರೆ ಅತ್ತ.
ಇಬ್ಬರ ನಡುವೆ ಕೂತವಳು ನಾನು, ಎಂಟು ವರ್ಷದವಳು,
ಗಡಿ ಕಾಯುವವಳು.
ಎಲ್ಲ ಸಾಗಾಟವೂ ನನ್ನ ಮೂಗಿನ ಕೆಳಗೇ.

ತಳ ಹಿಡಿದ ಅನ್ನ, ಎಣ್ಣೆ ಕುಡಿದು ಗರಿಗರಿಯಾದದ್ದು,
ಮಾವನ ಪ್ರಾಣ,
ಈಗ ಅತ್ತೆಯ ಕಡೆಯೇ ಉಳಿಯಿತು.
ಕಹಿಬದನೆ ಅವನತ್ತ ಹೊರಟಿತು. ಗಜ್ಜರಿ ಹೊರಟಿತು.
ಅವನು ಮಾತಾಡಲಿಲ್ಲ. ಜಗಿದ.
ಹರಿದ ಬಲೆ ಹೊಲಿಯುವವನ ತಾಳ್ಮೆಯಲ್ಲಿ ಜಗಿದ.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ
ಗಜ್ಜರಿಯ ಒಂದು ತುಂಡು ನನ್ನ ಮುಂದೆ
ಹಿಂದಕ್ಕೆ ಹಾದುಹೋಯಿತು.
ಆಮೇಲೆ ಎಲೆಕೋಸಿನ ಒಂದು ಪದರ.
ಅತ್ತೆ ನೀರಿನ ತಂಬಿಗೆಗೆ ತಿರುಗಿದ ಹೊತ್ತು
ಮಾವನ ಹೆಬ್ಬೆರಳು
ಅವಳ ಕಡೆಯ ಗರಿಗರಿ ಅನ್ನವನ್ನು ಸದ್ದಿಲ್ಲದೆ ಎಳೆದು
ನನ್ನ ನೆಲದಲ್ಲಿ ಗುಡ್ಡೆ ಹಾಕಿತು.
ಕಣ್ಣು ಹೊಡೆದ: ತಿನ್ನು ಬೇಗ.

ಓದುವುದು ಅವಳೊಬ್ಬಳಿಗೇ ಬರುವುದಲ್ಲ.
ಅವಳ ಕಾಲಿನ ಬಾವು, ಸಂಜೆಯ ಹೊತ್ತಿಗೆ
ಚಪ್ಪಲಿಯ ಪಟ್ಟಿ ಪಾದದ ಮೇಲೆ ಬರೆದ ಗೆರೆ,
ಅವನು ಎಂದೋ ಓದಿ ಮುಗಿಸಿದ್ದ.

ಆ ವರ್ಷ ಅವರಿಬ್ಬರೂ ಕೊಂಚ ತೆಳ್ಳಗಾದರು.
ನಾನು ದಪ್ಪಗಾದೆ.

ಮಳೆ ಶುರುವಾಗುವ ಮೊದಲು ತೆನಿಂಗ್ ಮನೆಗೇ ಬಂದಳು,
ಪಟ್ಟಿ ಸುತ್ತಿ ಗಾಳಿ ಒತ್ತಿದಳು,
ತಲೆಯಾಡಿಸಿದಳು, ಆಮೇಲೆ ನನ್ನನ್ನು ನೋಡಿ
"ಈ ಮಗುವಿಗೇನು ಹಾಕುತ್ತಿದ್ದೀರಿ?" ಅಂದಳು.
ಅತ್ತೆ ಮಾವನನ್ನು ನೋಡಿದಳು. ಮಾವ ಅತ್ತೆಯನ್ನು.
ನಾನು ಬಟ್ಟಲನ್ನು.

ಮರುದಿನ
ಆ ಕಡೆಯಿಂದ ಹೊರಟ ಗಜ್ಜರಿಯೂ
ಈ ಕಡೆಯಿಂದ ಹೊರಟ ಗಜ್ಜರಿಯೂ
ನನ್ನ ಮುಂದೆ ಬಂದು ನಿಂತವು.