ಮೋರಿ ಗಂಟ

ಮೊದಲ ಪುಸ್ತಕದಲ್ಲಿ ಅಪ್ಪ ನೂರ ಹನ್ನೆರಡನೆಯ ಪುಟದಲ್ಲಿದ್ದಾನೆ,
ಒಂದೂವರೆ ಸಾಲು:
‘ರೈಲ್ವೆ ಗೇಟಿನ ಅಂಕಪ್ಪ ಆ ರಾತ್ರಿ
ಏನನ್ನೂ ನೋಡಲಿಲ್ಲವೆಂದು ಹೇಳಿಕೆ ಕೊಟ್ಟ.’
ಅಂಕಪ್ಪ ಅಲ್ಲ, ಅಂಕಯ್ಯ.
ಎರಡನೆಯದರಲ್ಲಿ ಹೆಸರೇ ಇಲ್ಲ, ಬಾಯಲ್ಲಿ ಸಾರಾಯಿ ವಾಸನೆ ಇದೆ.
ಮೂರನೆಯವರು ಬಲು ಕಷ್ಟಪಟ್ಟು ಬರೆದವರು,
ಅಪ್ಪನಿಗೊಂದು ಗಿರಿಜಾ ಮೀಸೆ ಇಟ್ಟಿದ್ದಾರೆ.

ಮಂಡ್ಯದ ಗ್ರಂಥಾಲಯ, ಕಿಟಕಿ ಪಕ್ಕದ ಕಪಾಟು,
ಕೆಳಗಿನ ಸಾಲಿನಲ್ಲಿ ಜ್ಯೋತಿಷ್ಯಕ್ಕೂ ಅಡುಗೆಗೂ ನಡುವೆ
ನಾಲೆಯ ಕೊಲೆಗಳು.
ಮೂರು ವರ್ಷ, ಐವರು ಹೆಂಗಸರು,
ಪ್ರತಿಯೊಬ್ಬಳ ಎಡಗಿವಿಯ ಓಲೆ ಮಾತ್ರ ಇಲ್ಲ.
ಕೊಂದವನು ಲಾರಿ ಡ್ರೈವರು, ಅನ್ನುತ್ತದೆ ಒಂದು.
ಕಾಂಪೌಂಡರು, ಅನ್ನುತ್ತದೆ ಇನ್ನೊಂದು.
ಸಕ್ಕರೆ ಕಾರ್ಖಾನೆಯ ಕೆಮಿಸ್ಟು,
ಷೂ ಅಳತೆ ಸಮೇತ, ಮೂರನೆಯದು.
ನನಗಿಂತ ಮೊದಲು ಓದಿದ ಯಾರೋ
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಾರೆ: ‘ಸರಿ. ಇವನೇ.’
ಕೆಳಗೆ ಮತ್ತೊಂದು ಕೈ, ನೀಲಿ ಶಾಯಿ: ‘ಅಲ್ಲ ಕಣಯ್ಯ.’

ಸುಳ್ಳೇಕೆ, ನನಗೂ ರುಚಿ ಹತ್ತಿದೆ.
ಗಂಡ ಮಲಗಿದ ಮೇಲೆ ಹಾಲಿನ ದೀಪ ಹಾಕಿ,
ಬಾಗಿಲ ಚಿಲಕ ಎರಡು ಸಲ ನೋಡಿ ಬಂದು,
ಹುರಿಗಡಲೆ ಬಾಯಿಗೆಸೆಯುತ್ತ
ಒಂದನೆಯವಳು, ಎರಡನೆಯವಳು.
ನಾಲ್ಕನೆಯವಳು ಬಂದಾಗ ಕಡಲೆ ಕೈಯಲ್ಲೇ ಉಳಿಯುತ್ತದೆ.

ನಾಲ್ಕನೆಯವಳು ನಿಂಗಾಜಮ್ಮ.
ಆಲೆಮನೆಯಲ್ಲಿ ಕೊಪ್ಪರಿಗೆ ಕೆಳಗೆ
ಕಬ್ಬಿನ ಸಿಪ್ಪೆ ಒಟ್ಟುತ್ತಿದ್ದವಳು.
ಪುಸ್ತಕದಲ್ಲಿ ಎತ್ತರ ಇದೆ, ವಯಸ್ಸು ಇದೆ, ಸೀರೆಯ ಬಣ್ಣ ಇದೆ.
ಬಿಸಿ ಬೆಲ್ಲವನ್ನು ಮುತ್ತುಗದೆಲೆಯಲ್ಲಿ ಸುತ್ತಿ
ಗೇಟಿನ ಕೂಸಿಗೆ ಅಂತ ತರುತ್ತಿದ್ದುದು ಇಲ್ಲ.
ಹೊಗೆ ಹಿಡಿದ ಸೆರಗು ಇಲ್ಲ.
ಹಳಿ ದಾಟುತ್ತಲೇ ಕೂಗುತ್ತಿದ್ದಳು:
‘ಬ್ಯಾಟ್ರಿ ಬುಡಣ್ಣೋ, ಮೋರಿ ಗಂಟ!’
ಅಪ್ಪ ನಾಲೆ ಏರಿಯ ಮೇಲೆ ಬೆಳಕು ಚೆಲ್ಲಿ ನಿಲ್ಲುತ್ತಿದ್ದ,
ಆ ಕಡೆಯಿಂದ ‘ಆಯ್ತು’ ಅನ್ನುವವರೆಗೆ.

ಆ ರಾತ್ರಿ ನನಗೆ ಏಳು ವರ್ಷ,
ಜ್ವರ ನೂರ ನಾಲ್ಕು.
ಅವ್ವ ತಮ್ಮನ ಹೆರಿಗೆಗೆ ತವರಿನಲ್ಲಿದ್ದಳು.
ಗೂಡ್ಸು ಬಿಟ್ಟು, ಗೇಟು ಎತ್ತಿ,
ಅಪ್ಪ ಒಳಗೆ ಬಂದು
ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದ.
ಹೊರಗೆ ಯಾರೋ ಕೂಗಿದ ಹಾಗಾಯಿತು.
ನಾನು ಅವನ ಬೆರಳು ಹಿಡಿದುಕೊಂಡೆ, ಬಿಡಲಿಲ್ಲ.
ಎರಡನೆಯ ಸಲ ಕೂಗಿದಳೋ ಇಲ್ಲವೋ.
ಜ್ವರದಲ್ಲಿ ಕೇಳಿದ್ದು.

‘ನಾನೇನೂ ನೋಡ್ನಿಲ್ಲ ಸಾ.’
ನಿಜ. ನೋಡಲಿಲ್ಲ.
ಡ್ಯೂಟಿ ಬಿಟ್ಟು ಒಳಗಿದ್ದೆ ಎಂದರೆ ಕೆಲಸ ಹೋಗುತ್ತಿತ್ತು.
ಪೊಲೀಸರು ಕೇಳಿದ್ದು ನೋಡಿದೆಯಾ ಎಂದು, ಅಷ್ಟೇ.

ಆಮೇಲೆ ರಿಟೈರ್ ಆಗುವ ತನಕ
ತಿಂಗಳಿಗೆರಡು ಜೊತೆ ಸೆಲ್ಲು ಕೊಳ್ಳುತ್ತಿದ್ದ.
ರಾತ್ರಿ ಹನ್ನೊಂದೂಕಾಲು, ಯಾರೂ ಇಲ್ಲದ ಏರಿ,
ಮೋರಿ ಗಂಟ ಬೆಳಕು.
ಅವ್ವ ಬೈಯುತ್ತಿದ್ದಳು, ಸೆಲ್ಲಿನ ಕಾಸಿಗೆ.
ಇದು ಯಾವ ಪುಸ್ತಕದಲ್ಲೂ ಇಲ್ಲ.

ಈ ವಾರ ನಾಲ್ಕನೆಯದು ಬಂದಿದೆ, ಹೊಸ ಕೊಲೆಗಾರನ ಜೊತೆ.
ಲೈಬ್ರರಿಯ ಶಮೀಮ್ ಮೇಡಂ ನನಗೆಂದೇ ತೆಗೆದಿಟ್ಟಿದ್ದರು.
ಎಲ್ಲರೂ ಮೊದಲು ಕೊನೆಯ ಪುಟಕ್ಕೆ ಹೋಗುತ್ತಾರಂತೆ,
ನಾನು ಗೇಟು ಹುಡುಕುತ್ತೇನೆ.
ಗೇಟು ಇಲ್ಲ.
ಬರೆದವರು ಈಚೆಗೆ ಬಂದು ನೋಡಿರಬೇಕು:
ಕೊಲೆಗಾರ ಅಂಡರ್‌ಪಾಸಿನೊಳಗೆ ನಡೆದು ಹೋಗುತ್ತಾನೆ,
ಆಗಿನ್ನೂ ಅಗೆದೇ ಇರದ ಅಂಡರ್‌ಪಾಸಿನೊಳಗೆ.
ಅಪ್ಪ ಇಲ್ಲ. ಮೀಸೆ ಇಲ್ಲ, ಸಾರಾಯಿಯೂ ಇಲ್ಲ.
ಹಗುರವಾಗಬೇಕಿತ್ತು ನನಗೆ.
ನಕ್ಷೆಯ ಮೇಲೆ ಪೆನ್ಸಿಲಿನಿಂದ ಎರಡು ಗೀಟು ಹಾಕಿದೆ, ಗೇಟಿಗೆ.
ಪಕ್ಕದಲ್ಲಿ ನಮ್ಮ ಕೋಣೆಗೊಂದು ಚೌಕ.
ಚೌಕದೊಳಗೆ ೧೦೪ ಎಂದು ಬರೆದೆ.
ಮುಂದೆ ಓದುವವರು ಯಾವುದೋ ಪುಟಸಂಖ್ಯೆ ಅಂದುಕೊಂಡು
ಆ ಪುಟಕ್ಕೆ ಹೋಗಿ ಹುಡುಕಬಹುದು.

ಹಿಂತಿರುಗಿಸಲು ಇನ್ನೂ ಒಂಬತ್ತು ದಿನ ಇದೆ.